ಅಕ್ಕನ ಮನೆಯ ನೀರು

ಬೀಜದ ಕಂಪನಿಯವರು ಈ ಸಲ ನಮ್ಮಂಥ ಅಂಗಡಿಯವರಿಗೆಲ್ಲ ಒಂದೊಂದು ನೀರಿನ ಬಾಟಲಿ ಹಂಚಿದ್ದಾರೆ. ಹಿಂದೆ ಕ್ಯಾಲೆಂಡರ್ ಕೊಡುತ್ತಿದ್ದರು, ಆಮೇಲೆ ಟೋಪಿ ಕೊಟ್ಟರು, ಈಗ ಆರೋಗ್ಯದ ಕಾಲ. ಬಾಟಲಿಯ ಮೈಮೇಲೆ ಗೆರೆ ಎಳೆದು ಎಷ್ಟು ಹೊತ್ತಿಗೆ ಎಷ್ಟು ನೀರು ಕುಡಿದಿರಬೇಕೆಂದು ಬರೆದಿದೆ. ಕೊನೆಯ ಗೆರೆ ರಾತ್ರಿ ಮಲಗುವ ಹೊತ್ತಿನದು, ಅದರ ಪಕ್ಕದಲ್ಲಿ ಒಂದು ನಗುಮುಖ. ಅದನ್ನು ನೋಡಿ ನನಗೆ ಸಿಟ್ಟೇ ಬಂತು. ಮಲಗುವ ಮುಂಚೆ ಅಷ್ಟು ನೀರು ಕುಡಿದು ನಗುವವನು ಯಾರೋ, ಅವನ ಮೂತ್ರಕೋಶ ಯಾವ ಕಂಪನಿಯದೋ. "ಇದನ್ನ ಯಾರಿಗರ ಕೊಟ್ಟುಬಿಡ್ರಿ, ನಿಮಗ ಹೇಳಿದ್ದಲ್ಲ ಇದು," ಎಂದು ನಮ್ಮಾಕೆ ಸುವರ್ಣ ಅದನ್ನು ಅಟ್ಟದ ಮೇಲೆ ಎತ್ತಿಟ್ಟಳು.

ನೀವು ನಗಬೇಡಿ. ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ರಾತ್ರಿ ಗೋಡೆ ತಡಕುತ್ತ ಬಚ್ಚಲಿಗೆ ಹೋಗಿ ಬರುವವರು, ಬೆಳಿಗ್ಗೆ ಕೇಳಿದರೆ "ಏನಿಲ್ಲ, ಸೆಕೆ" ಎನ್ನುವವರು. ಸಕ್ಕರೆ ಕಾಯಿಲೆಯವರಿರಬಹುದು, ಮೂತ್ರಪಿಂಡದವರಿರಬಹುದು, ನನ್ನ ಹಾಗೆ ಹೃದಯದವರಿರಬಹುದು. ಕಾಯಿಲೆಯ ಹೆಸರನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ, ಅದಕ್ಕೊಂದು ಮಾನ ಇದೆ. ರಾತ್ರಿ ಏಳುವುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ, ಬಿಡದೆ ಒಡಹುಟ್ಟಿದ ಅಕ್ಕನನ್ನೇ ಕಳೆದುಕೊಳ್ಳುವವನಿದ್ದೆ.

ಸಿಂಧನೂರಿನ ಬಜಾರಿನಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಕೆಲವು ವರ್ಷಗಳ ಹಿಂದೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಸಂಜೆಯಾದರೆ ಕಾಲು ಬಾತುಕೊಂಡು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಡಾಕ್ಟರು ನೋಡಿ, ಹೃದಯದ ಕಸುವು ಕಡಿಮೆಯಾಗಿದೆ, ಇದು ವಾಸಿಯಾಗುವ ಕಾಯಿಲೆಯಲ್ಲ, ಸಂಭಾಳಿಸಿಕೊಂಡು ಹೋಗುವ ಕಾಯಿಲೆ ಎಂದರು. ಉಪ್ಪು ಕಡಿಮೆ, ನೀರು ಅಳತೆಯಲ್ಲಿ, ಮೈಯಲ್ಲಿ ನಿಂತ ನೀರನ್ನು ಹೊರಗೆ ಹಾಕಲು ಒಂದು ಗುಳಿಗೆ. ನಮ್ಮ ಕಡೆ ಅದಕ್ಕೆ ನೀರಿನ ಗುಳಿಗೆ ಎಂದೇ ಹೆಸರು. ಅದನ್ನು ಮುಂಜಾನೆಯೇ ತಗೋಬೇಕು ಎಂದು ಒತ್ತಿ ಹೇಳಿದ್ದರು.

ಮುಂಜಾನೆ ತಗೊಂಡರೆ ಏನಾಗುತ್ತದೆ ಎಂಬುದು ಬೇಗನೇ ತಿಳಿಯಿತು. ನನ್ನ ಅಂಗಡಿಗೆ ಪಾಯಖಾನೆ ಇಲ್ಲ. ಭತ್ತ ನಾಟಿಯ ಕಾಲ, ಗೊರೇಬಾಳದವರು, ವಳಕಮದಿನ್ನಿಯವರು, ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿ ರೈತರು ಎಲ್ಲ ಅಂಗಡಿ ಮುಂದೆ ಮುಗಿಬಿದ್ದಿರುವಾಗ ನಾನು ಗಲ್ಲಾ ಬಿಟ್ಟು ಹಿಂದಿನ ಸಂದಿಗೆ ಓಡಬೇಕು. ಓಡಿ ಬಂದು ಕೂತರೆ ಮತ್ತೆ ಓಡಬೇಕು. ವಳಕಮದಿನ್ನಿಯ ಗೌಡರೊಬ್ಬರು ಎಲ್ಲರೆದುರು, "ಯೂರಿಯಾ ಅಂದ ಕೂಡ್ಲೆ ಸಾವ್ಕಾರ್ರು ಹಿಂದಕ್ಕ ಓಡ್ತಾರಲ್ಲೋ, ಚೀಲ ಮುಚ್ಚಿಡಾಕ ಹೊಂಟಾರೇನು?" ಎಂದು ನಗೆಯಾಡಿದರು. ಜನ ನಕ್ಕರು. ಅರ್ಧ ಜನ ಅದನ್ನು ನಂಬಿದರು ಕೂಡ.

ನಾವು ಕಾಲುವೆ ನೀರಿನ ಮೇಲೆ ಬದುಕಿದ ಮಂದಿ. ಹಗಲು ಪಾಳಿ ಸಿಗದಿದ್ದರೆ ರಾತ್ರಿ ಪಾಳಿ ಹಿಡಿಯುತ್ತೇವೆ. ಗದ್ದೆಗೆ ಹಗಲು ಬಿಟ್ಟರೇನು, ರಾತ್ರಿ ಬಿಟ್ಟರೇನು, ನೀರು ನೀರೇ. ಅದೇ ಬುದ್ಧಿಯಿಂದ ನಾನು ಗುಳಿಗೆಯನ್ನೂ ರಾತ್ರಿ ಪಾಳಿಗೆ ಹಾಕಿದೆ. ಊಟ ಆದ ಮೇಲೆ ತಗೊಳ್ಳುವುದು, ಮನೆಯಲ್ಲೇ ಬಚ್ಚಲಿದೆ, ಯಾರ ಮುಂದೂ ಓಡಬೇಕಿಲ್ಲ. ಡಾಕ್ಟರಿಗೆ ಹೇಳಲಿಲ್ಲ, ಹೇಳುವಂಥದ್ದೇನಿದೆ ಎಂದುಕೊಂಡೆ. ಗದ್ದೆಗೆ ನಿದ್ದೆ ಬೇಕಿಲ್ಲ, ಮನುಷ್ಯನಿಗೆ ಬೇಕು ಎಂಬುದೊಂದನ್ನು ಮರೆತಿದ್ದೆ.

ಆ ರಾತ್ರಿಗಳ ಬಗ್ಗೆ ಏನು ಹೇಳಲಿ. ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಏಳಬೇಕು. ಹೋಗಿ ಬಂದು ಮಲಗಿದರೆ ಮತ್ತೆ ಬರುತ್ತದೇನೋ ಎಂಬ ದಿಗಿಲು, ಆ ದಿಗಿಲಿಗೇ ಅದು ಬರುತ್ತಿತ್ತು. ಬಂದದ್ದು ಖರೆಯೋ ಸುಳ್ಳೋ ಎಂದು ಮಲಗಿದಲ್ಲೇ ವಾದ ಮಾಡುತ್ತಿದ್ದೆ, ವಾದದಲ್ಲಿ ಯಾವತ್ತೂ ಅದೇ ಗೆಲ್ಲುತ್ತಿತ್ತು. ನಾನೂ ಏನೇನೋ ಉಪಾಯ ಹೂಡಿದೆ. ಮಂಚದ ಗೋಡೆ ಬದಿ ಬಿಟ್ಟು ಹೊರಬದಿಗೆ ಬಂದೆ. ಬಚ್ಚಲಿನ ದಾರಿಯಲ್ಲಿದ್ದ ಸ್ಟೂಲು, ಹಿಟ್ಟಿನ ಡಬ್ಬಿ ಎಲ್ಲ ಸರಿಸಿಟ್ಟೆ. ದೀಪ ಹಾಕಿದರೆ ಇದ್ದ ನಿದ್ದೆಯೂ ಹಾರುತ್ತದೆಂದು ಕತ್ತಲಲ್ಲೇ ನಡೆಯುವುದನ್ನು ಕಲಿತೆ. ಎಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ಮಧ್ಯಾಹ್ನದ ಊಟವಾದ ಮೇಲೆ ನೀರು ಮುಟ್ಟದಿರುವುದು. ನಮ್ಮ ಜಿಲ್ಲೆಯ ಬಿಸಿಲು ಗೊತ್ತಿದ್ದವರಿಗೆ ಇದು ಎಂಥ ವ್ರತ ಎಂದು ಗೊತ್ತಾದೀತು. ತುಟಿ ಒಡೆದವು, ತಲೆ ಗಿರ್ರೆನ್ನತೊಡಗಿತು, ರಾತ್ರಿ ಏಳುವುದು ಮಾತ್ರ ನಿಲ್ಲಲಿಲ್ಲ. ನಿಲ್ಲುವುದೆಲ್ಲಿಂದ, ಗುಳಿಗೆಯನ್ನು ನಾನೇ ಕೈಯಾರೆ ಒಳಗೆ ಕಳಿಸುತ್ತಿದ್ದೆ. ಹಗಲು ಗಲ್ಲಾದ ಮೇಲೆ ತೂಕಡಿಸುತ್ತಿದ್ದೆ, ಎಚ್ಚರಿದ್ದಾಗ ಕಂಡವರ ಮೇಲೆ ಹರಿಹಾಯುತ್ತಿದ್ದೆ.

ನಮ್ಮ ಮನೆಯಲ್ಲಾದರೆ ಹೇಗೋ ನಡೆಯುತ್ತಿತ್ತು. ತೊಂದರೆ ಶುರುವಾದದ್ದು ಮಸ್ಕಿಯ ಅಕ್ಕನ ಮನೆಯಲ್ಲಿ.

ಅಕ್ಕ ಅಮರಮ್ಮ ನನಗಿಂತ ಬಹಳ ದೊಡ್ಡವಳು. ಅವ್ವ ನಾಟಿಗೆ, ಕಳೆಗೆ ಎಂದು ಹೊಲಕ್ಕೆ ಹೋದರೆ ನನ್ನನ್ನು ಬಗಲಲ್ಲಿ ಹೊತ್ತು ತಿರುಗಿದವಳು ಅವಳೇ. ಮಸ್ಕಿಗೆ ಮದುವೆಯಾಗಿ ಹೋದ ಮೇಲೂ ನಾನು ರಜೆ ಬಂತೆಂದರೆ ಅಲ್ಲೇ ಇರುತ್ತಿದ್ದೆ. ಗುಡ್ಡದ ಕೆಳಗಿನ ಓಣಿಯಲ್ಲಿ ಅವಳ ಮನೆ, ಉದ್ದನೆಯ ಒಂದೇ ಪಡಸಾಲೆ. ಮಾಮ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಅಲ್ಲೇ ಸಾಲಾಗಿ ಮಲಗುವುದು. ಬೀಗರು, ತಮ್ಮಂದಿರು ಬಂದರೆ ಅವರಿಗೆ ಎಲ್ಲರಿಗಿಂತ ಒಳಗೆ, ದೇವರ ಗೂಡಿನ ಹತ್ತಿರ ಹಾಸಿಗೆ. ಅದು ಮರ್ಯಾದೆಯ ಜಾಗ. ಬಾಗಿಲ ಬದಿ ಹಾಸಿಕೊಡುವುದು ಆಳಿಗೆ. ಪಾಯಖಾನೆಯೋ ಹಿತ್ತಲಲ್ಲಿ, ಎಮ್ಮೆ ಕಟ್ಟುವ ಜಾಗ ದಾಟಿ.

ಕಾಯಿಲೆ ಹತ್ತಿದ ಮೇಲೆ ಅಲ್ಲಿ ಒಮ್ಮೆ ಮಲಗಿದ್ದೆ. ಎದ್ದಾಗಲೆಲ್ಲ ನನ್ನ ಮರ್ಯಾದೆಯ ಜಾಗದಿಂದ ಹಿತ್ತಲ ಬಾಗಿಲವರೆಗೆ ಆ ಸಾಲನ್ನು ಪೂರ್ತಿ ದಾಟಬೇಕು. ಮಲಗಿದ ಮಕ್ಕಳನ್ನು ದಾಟಿದರೆ ಅವು ಬೆಳೆಯುವುದಿಲ್ಲ, ದಾಟಿದವರೇ ತಿರುಗಿ ದಾಟಿದರೆ ದೋಷ ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಆ ರಾತ್ರಿ ನಾನು ಹೋಗುವಾಗೊಮ್ಮೆ ಅಕ್ಕನ ಮೊಮ್ಮಗನ ಬೆಳವಣಿಗೆ ನಿಲ್ಲಿಸಿ, ಬರುವಾಗೊಮ್ಮೆ ಮತ್ತೆ ಶುರು ಮಾಡಿಸುತ್ತಿದ್ದೆ. ಒಂದು ಸಲ ತಂಬಿಗೆ ಒದ್ದೆ, ಇನ್ನೊಂದು ಸಲ ಮಾಮನ ಕೈ ತುಳಿದೆ. ಅವರು ಕಳ್ಳ ಬಂದನೆಂದು ಬಡಿಗೆ ಹುಡುಕಿದರು. ಬೆಳಿಗ್ಗೆ ಸೊಸೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಚಹಾ ತಂದಿಟ್ಟಾಗ ನನಗೆ ನೆಲ ಸೀಳಿ ಒಳಗೆ ಹೋಗುವ ಹಾಗಾಯಿತು. ಇನ್ನು ಯಾರ ಮನೆಯಲ್ಲೂ ಮಲಗುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಆಮೇಲೆ ಮಸ್ಕಿಗೆ ಹೋದರೂ ಸಂಜೆ ಬಸ್ಸಿಗೆ ವಾಪಸ್ಸು. ಅಕ್ಕ ನೀರು ತಂದರೆ ಒಲ್ಲೆ, ಮಜ್ಜಿಗೆ ತಂದರೆ ಒಲ್ಲೆ. ಅಂಗಡಿ ಸೀಜನ್ನು ಎನ್ನುತ್ತಿದ್ದೆ, ಲೋಡು ಬರುವುದಿದೆ ಎನ್ನುತ್ತಿದ್ದೆ. ನಮ್ಮಲ್ಲಿ ಒಬ್ಬರ ಮನೆಯ ನೀರು ಬಿಟ್ಟರೆ ಅದರ ಅರ್ಥ ಒಂದೇ, ಆ ಮನೆಯ ಮೇಲೆ ಹಗೆ ಹಿಡಿದಿದ್ದಾರೆ ಎಂದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನ್ನ ತಲೆಯಲ್ಲಿ ಆಗ ಬಸ್ಸಿನಲ್ಲಿ ಕೂರುವ ಹೊತ್ತು, ಇಳಿಯುವ ಹೊತ್ತು ಇವೆರಡು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಅಕ್ಕನ ತಲೆಯಲ್ಲಿ ಬೇರೆಯೇ ಇತ್ತು. ಅವಳ ಮಗಳು ಗಂಗಾಳನ್ನು ನನ್ನ ಮಗನಿಗೆ ತರುವುದೆಂದು ಆ ಮಕ್ಕಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ದೊಡ್ಡವಳಾದ ಮೇಲೆ ಗಂಗಾ ಒಲ್ಲೆ ಎಂದಳು. ಅಕ್ಕ ನನ್ನೆದುರು ಹೇಳಲು ಹೆದರಿ ಮಾಮನ ಕೈಲಿ ಹೇಳಿಸಿ ಕಳಿಸಿದಳು. ಖರೆ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಯಾರಿಗೂ ಬೇಜಾರಾಗಲಿಲ್ಲ. ನನ್ನ ಮಗನಂತೂ ಆ ಸುದ್ದಿ ಕೇಳಿ ಬಜಾರಿಗೆ ಹೋಗಿ ಪೇಡೆ ತಂದ. ಆದರೆ ಅದೇ ವರ್ಷ ನನ್ನ ಕಾಯಿಲೆ, ಅದೇ ವರ್ಷ ನಾನು ಅವಳ ಮನೆಯ ನೀರು ಬಿಟ್ಟದ್ದು. ತಮ್ಮ ಸಿಟ್ಟಾಗಿದ್ದಾನೆ ಎಂದು ಅಕ್ಕ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಗಂಗಾಳ ಮದುವೆ ಲಿಂಗಸುಗೂರಿನಲ್ಲಾಯಿತು. ಸೋದರಮಾವನಾದವನು ಹಿಂದಿನ ರಾತ್ರಿಯೇ ಹೋಗಿ ಮುಂದೆ ನಿಂತು ಕಾರ್ಯ ಮಾಡಿಸಬೇಕಿತ್ತು. ನಾನು ಬೆಳಗಿನ ಬಸ್ಸಿಗೆ ಹೋಗಿ, ಅಕ್ಕಿಕಾಳು ಬಿದ್ದ ಕೂಡಲೇ ಎದ್ದುಬಂದೆ. ಇನ್ನು ಅವಳಿಗೆ ಸಂಶಯವೇ ಉಳಿಯಲಿಲ್ಲ.

"ಹೇಳಿಬಿಡ್ರಿ ಆಕಿಗೆ. ಅಕ್ಕ ಅದಾಳ, ಪರಕೀಯಳಲ್ಲ," ಎಂದು ಸುವರ್ಣ ಎಷ್ಟು ಸಲ ಹೇಳಿದಳೋ.

"ಏನಂತ ಹೇಳ್ಲಿ? ಸುದ್ದಿ ಮಸ್ಕಿ ಓಣಿ ತುಂಬ ಆಗಬೇಕೇನು? ನೀನೂ ಬಾಯಿ ಬಿಡಬ್ಯಾಡ," ಎಂದು ಬೈದಿದ್ದೆ.

ನಾಗರಪಂಚಮಿ ಬಂತು. ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ಹಬ್ಬ. ಕರೆಯಲು ಹೋದ ತಮ್ಮ ಒಂದು ರಾತ್ರಿ ಉಳಿದು, ಉಂಡು, ಮರುದಿನ ಬುತ್ತಿ ಕಟ್ಟಿಸಿಕೊಂಡು ಅಕ್ಕನನ್ನು ಕರೆತರಬೇಕು. ಅಷ್ಟು ವರ್ಷ ಹಾಗೇ ನಡೆದಿತ್ತು. ಕಾಯಿಲೆ ಹತ್ತಿದ ಮೇಲಿನ ವರ್ಷಗಳಲ್ಲಿ ಮಗನನ್ನು ಕಳಿಸಿ ದಾಟಿಸಿದೆ. ಆ ಸಲ ಹಬ್ಬದ ಹೊತ್ತಿಗೆ ಅವನೂ ಊರಲ್ಲಿರಲಿಲ್ಲ. ನಾನೇ ಮಧ್ಯಾಹ್ನ ಹೋಗಿ, ಸಂಜೆ ಬಸ್ಸಿಗೇ ಹೋಗೋಣ ಏಳು ಎಂದೆ. ಅಕ್ಕ ರೊಟ್ಟಿ ಬಡಿಯುತ್ತ ಕೂತಿದ್ದಳು, ಏಳಲಿಲ್ಲ.

"ಕರಿಯಾಕ ಬಂದಾವ ನನ್ನ ಮನ್ಯಾಗ ಒಂದು ರಾತ್ರಿ ಉಳಿಯಂಗಿಲ್ಲ, ಒಂದು ಗುಟುಕು ನೀರು ಕುಡಿಯಂಗಿಲ್ಲ. ನಾ ಯಾವ ಮುಖ ಹೊತ್ತು ನಿನ್ನ ಹಿಂದ ಬರ್ಲಿ? ಹೋಗಪಾ, ನಿನ್ನ ಬಸ್ಸು ತಪ್ಪೀತು."

ನಾನು ಬಾಯಿ ತೆರೆದೆ, ಸೊಸೆ ಅಲ್ಲೇ ನಿಂತಿದ್ದಳು, ಮುಚ್ಚಿದೆ. ಆ ಪಂಚಮಿಗೆ ನಮ್ಮ ಮನೆಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಲಿಲ್ಲ. ಸುವರ್ಣ ಶೇಂಗಾ ಉಂಡಿ ಕಟ್ಟಿ ಡಬ್ಬಿಗೆ ಹಾಕಿಟ್ಟಳು, ಯಾರೂ ಮುಟ್ಟಲಿಲ್ಲ. ನನಗೆ ಹೋಗಿ ಹೇಳಿಬಿಡಬೇಕು ಎನಿಸುತ್ತಿತ್ತು, ಹೇಗೆ ಶುರು ಮಾಡಬೇಕು ಎಂಬಲ್ಲಿಗೆ ನಿಲ್ಲುತ್ತಿತ್ತು. ಕೂತಲ್ಲಿ ಕೂರಲಾಗದೆ ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ತಿರುಗುತ್ತಿದ್ದೆ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಕ್ಕನೇ ಅಂಗಡಿಗೆ ಬಂದಳು. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಗಿರಾಕಿಗಳು ಜಾಗ ಬಿಟ್ಟರು. ಗೊಬ್ಬರದ ಚೀಲದ ಮೇಲೆ ಕೂತು, ಕೈಚೀಲದಿಂದ ಬಟ್ಟೆ ಕಟ್ಟಿದ ತಂಬಿಗೆಯೊಂದನ್ನು ತೆಗೆದಳು.

"ಮಸ್ಕಿಂದ ತಂದೀನಿ. ನಮ್ಮ ಮನಿ ನೀರು," ಎಂದಳು. "ಕುಡದ್ರ ನೀ ನನ್ನ ತಮ್ಮ. ಒಲ್ಲೆ ಅಂದ್ರ ಈಗೇ ಹೇಳಿಬಿಡು. ಇದೇ ನೀರಿಲೆ ತವರಿಗೆ ಎಳ್ಳುನೀರು ಬಿಟ್ಟು ಹೋಗ್ತೀನಿ."

ಕ್ಯಾಂಪಿನ ಬಂಗಾಲಿ ರೈತನೊಬ್ಬ ಮೆಲ್ಲಗೆ, "ಕುಡೀರಿ ಸಾವ್ಕಾರ್ರೇ, ಅಕ್ಕ ಅಲ್ಲೇನ್ರೀ," ಎಂದ. ಹಿಂದಿನ ರಾತ್ರಿ ಲಾರಿ ಖಾಲಿ ಮಾಡಿಸುವ ಗದ್ದಲದಲ್ಲಿ ನೀರಿನ ಗುಳಿಗೆ ಮರೆತಿದ್ದೆ, ಅದನ್ನು ಅವತ್ತು ಮಧ್ಯಾಹ್ನದ ಊಟದ ಜೊತೆ ನುಂಗಿದ್ದೆ. ಇನ್ನು ಸ್ವಲ್ಪ ಹೊತ್ತಿಗೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ತಂಬಿಗೆ ಎತ್ತಿ ಪೂರ್ತಿ ಕುಡಿದೆ. ಕುಡಿಯುವಾಗ ಅಳು ಬಂತು, ಕೆಮ್ಮಿದ ಹಾಗೆ ಮಾಡಿ ಮುಚ್ಚಿಕೊಂಡೆ.

"ಹಂಗಾದ್ರ ನಡಿ ನನ್ನ ಕೂಡ. ಇವತ್ತ ಅಲ್ಲೇ ಉಂಡು ಅಲ್ಲೇ ಮಲಕೋಬೇಕು," ಎಂದಳು. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಅವಳ ಹಿಂದೆ ಹೊರಟೆ.

ಬಸ್ಸು ಗೊರೇಬಾಳ ದಾಟಿತ್ತೋ ಇಲ್ಲವೋ, ನನಗೆ ಶುರುವಾಯಿತು. ಕಾಲ ಮೇಲೆ ಕಾಲು ಹಾಕಿದೆ, ಇಳಿಸಿದೆ, ಕಿಟಕಿಯ ಸರಳು ಹಿಡಿದೆ, ಮುಂದಿನ ಸೀಟಿನ ಮೇಲೆ ಬರೆದದ್ದನ್ನೆಲ್ಲ ಓದಿದೆ. ಪಕ್ಕದಲ್ಲಿ ಕೂತ ಅಕ್ಕ ನನ್ನ ಈ ಚಡಪಡಿಕೆಯನ್ನು ನೋಡುತ್ತಲೇ ಇದ್ದಳು. ಅವಳ ಮುಖ ಸಣ್ಣದಾಯಿತು.

"ನನ್ನ ಮಗ್ಗಲಾಗ ಕುಂದ್ರಾಕೂ ಆಗವಲ್ದೇನು ನಿನಗ?" ಎಂದಳು.

ಆ ಮಾತು ಕೇಳಿದ ಮೇಲೆ ಇನ್ನೆಂಥ ನಾಚಿಕೆ. "ಅಕ್ಕಾ, ಬಸ್ಸು ನಿಂದ್ರಸು. ಒಂದಕ್ಕ ಹೋಗಬೇಕು. ತಡಕೊಳ್ಳಾಕ ಆಗವಲ್ದು," ಎಂದುಬಿಟ್ಟೆ.

ಅಕ್ಕ ಎದ್ದು ನಿಂತು, ಬಸ್ಸು ನಿಲ್ಲಿಸು ಎಂದು ಕಂಡಕ್ಟರಿಗೆ ಕೂಗಿ ಹೇಳಿದಳು. ಕಂಡಕ್ಟರು ಇನ್ನೇನು ಸ್ಟಾಪು ಬರುತ್ತದೆ ಎಂದ. "ಬರೋತನಕ ನಿಂದ್ರಂಗಿದ್ರ ನಾ ಯಾಕ ಕೇಳ್ತಿದ್ದೆ? ನೀನೂ ನಾಳಿ ಮುದುಕ ಆಗಾವನ ಅದಿ, ಹೊಡಿ ಸೀಟಿ," ಎಂದಳು. ಅವನು ಸೀಟಿ ಹೊಡೆದ. ನಾನು ಇಳಿದು ಗದ್ದೆಯ ಬದುವಿಗೆ ಓಡಿದೆ. ತಿರುಗಿ ನೋಡಿದರೆ ಅಕ್ಕನೂ ಇಳಿದಿದ್ದಾಳೆ. ನನಗೆ ಬೆನ್ನು ಮಾಡಿ, ಬಸ್ಸಿನ ಕಿಟಕಿಗಳಿಗೆ ಅಡ್ಡವಾಗಿ ಸೆರಗು ಹರಡಿ ನಿಂತಿದ್ದಾಳೆ. ಬಹಳ ಹೊತ್ತು ನಿಂತಳು, ಯಾಕೆಂದರೆ ಅದು ಬಹಳ ಹೊತ್ತು ಹಿಡಿಯಿತು.

ಮತ್ತೆ ಬಸ್ಸು ಹತ್ತಿ ಕೂತ ಮೇಲೆ ಎಲ್ಲ ಹೇಳಿದೆ. ಗುಳಿಗೆ, ರಾತ್ರಿ ಪಾಳಿ, ಮಾಮನ ಕೈ ತುಳಿದದ್ದು, ಸೊಸೆಯ ಕೆಂಪು ಕಣ್ಣು, ಲಿಂಗಸುಗೂರಿನಿಂದ ಎದ್ದುಬಂದದ್ದು. ನನ್ನ ಮಗ ಪೇಡೆ ತಂದದ್ದನ್ನೂ ಹೇಳಿದೆ. ಎಲ್ಲ ಮುಗಿದ ಮೇಲೆ ಅಕ್ಕ ನನ್ನ ತೊಡೆಗೆ ಜೋರಾಗಿ ಒಂದು ಏಟು ಕೊಟ್ಟಳು.

"ಇಷ್ಟು ವರ್ಷ ಗಂಗಾನ ಸಲುವಾಗಿ ತಮ್ಮ ನನ್ನ ಬಿಟ್ಟಾನ ಅಂತ ನಾ ಒಳಗೊಳಗ ಸಾಯಾಕತ್ತೀನಿ. ಉಚ್ಚಿ ಸಲುವಾಗಿ ಬಿಟ್ಟಿದ್ದೇನೋ ನೀ? ಹುಚ್ಚಪ್ಯಾಲಿ. ನಿನ್ನ ಉಚ್ಚಿ ಬಳದು ಬೆಳಿಸಿದ ಕೈ ಇವು. ಇವುಕ್ಕ ಯಾತರ ನಾಚಿಕಿ?"

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು, ನಗುತ್ತ ಅಳು ಬಂತು. ಮುಂದಿನ ಸೀಟಿನವರು ತಿರುಗಿ ನೋಡಿದರು. ನನಗೆ ಆ ಹೊತ್ತಿಗೆ ಯಾರು ನೋಡಿದರೂ ಚಿಂತೆ ಇರಲಿಲ್ಲ.

ಮರುದಿನ ಅವಳು ನನ್ನನ್ನು ಸಿಂಧನೂರಿಗೆ ಬಿಡಲಿಲ್ಲ. ಲಿಂಗಸುಗೂರಿಗೆ ಕರೆದೊಯ್ದು, ಗಂಗಾಳ ಗಂಡನ ಮನೆಯ ಹತ್ತಿರದ ಡಾಕ್ಟರಮ್ಮನ ಮುಂದೆ ಕೂರಿಸಿ, ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಎಲ್ಲ ಗುಟ್ಟನ್ನೂ ಹೊರಗಿನ ಬೆಂಚಿನವರಿಗೂ ಕೇಳುವ ಹಾಗೆ ಹೇಳಿದಳು. ಡಾಕ್ಟರಮ್ಮ ಗುಳಿಗೆಯನ್ನು ತಿರುಗಿ ಮುಂಜಾನೆಗೆ ಹಾಕಿಸಿದರು. ಹಗಲೆಲ್ಲ ಕಾಲು ಇಳಿಬಿಟ್ಟು ಕೂತರೆ ನೀರು ಕಾಲಲ್ಲಿ ನಿಲ್ಲುತ್ತದೆ, ಮಲಗಿದಾಗ ಅದೇ ಮೇಲೇರಿ ಎಬ್ಬಿಸುತ್ತದೆ, ಹಾಗಾಗಿ ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಎತ್ತರಕ್ಕಿಟ್ಟು ಮಲಗಿ ಎಂದರು. ನೀರು ಪೂರ್ತಿ ಬಿಡುವುದಲ್ಲ, ಹೇಳಿದಷ್ಟನ್ನು ಹಗಲಲ್ಲಿ ಕುಡಿಯಬೇಕು ಎಂದೂ ಬೈದರು. ನಾನೀಗ ಊಟವಾದ ಮೇಲೆ ಅಂಗಡಿಯ ಒಳಕೋಣೆಯಲ್ಲಿ ಗೊಬ್ಬರದ ಚೀಲದ ಮೇಲೆ ಕಾಲು ಚಾಚಿ ಮಲಗುತ್ತೇನೆ. ಪಕ್ಕದ ಬಟ್ಟೆ ಅಂಗಡಿಯವರನ್ನು ಅವರ ಪಾಯಖಾನೆಯ ಬೀಗದಕೈ ಕೇಳಿದೆ. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದು ಅವರೇ ಬೇಜಾರು ಮಾಡಿಕೊಂಡರು.

ವಾಸಿಯಾಯಿತೇ ಎಂದು ಕೇಳಬೇಡಿ. ಹೃದಯ ಅದೇ ಹೃದಯ. ರಾತ್ರಿ ಏಳುವುದು ಕಡಿಮೆಯಾಗಿದೆ, ನಿಂತಿಲ್ಲ. ಎದ್ದು ಬಂದ ಮೇಲೆ ಒಮ್ಮೊಮ್ಮೆ ಎದೆ ಡವಗುಟ್ಟುತ್ತದೆ, ಇನ್ನೆಷ್ಟು ಕಾಲವೋ ಎಂಬ ಯೋಚನೆ ಹತ್ತಿದರೆ ಬೆಳಕು ಹರಿಯುವವರೆಗೆ ಮಗ್ಗಲು ಬದಲಿಸುವುದೇ. ಆದರೆ ಪಂಚಮಿಗೆ ಮಾತ್ರ ಎರಡು ದಿನ ಮೊದಲೇ ಮಸ್ಕಿಗೆ ಹೋಗುತ್ತೇನೆ. ಅಕ್ಕ ನನ್ನ ಹಾಸಿಗೆಯನ್ನು ಹಿತ್ತಲ ಬಾಗಿಲಿಗೆ ಹತ್ತಿಸಿ ಹಾಸುತ್ತಾಳೆ. ಅಳಿಯಂದಿರು ಬಂದಾಗಲೂ 'ಅದು ನನ್ನ ತಮ್ಮನ ಜಾಗ' ಎಂದು ಕಾಯ್ದಿಡುತ್ತಾಳೆ.

ಈ ವರ್ಷ ಹೋದಾಗ ಒಂದು ವಿಷಯ ನನ್ನ ಮನಸ್ಸಿಗೆ ಬಂತು. ಆ ಹಿತ್ತಲ ಬಾಗಿಲಿಗೆ ಹಳೇ ಕಬ್ಬಿಣದ ಚಿಲಕ. ಎಷ್ಟೇ ಮೆಲ್ಲಗೆ ತೆಗೆದರೂ ಕಿರ್ರೆಂದು ಓಣಿಗೆಲ್ಲ ಕೇಳುತ್ತದೆ. ಅಕ್ಕನಿಗೆ ಈಗ ವಯಸ್ಸಾಗಿದೆ, ನಿದ್ದೆ ತೆಳು. ಬೆಳಿಗ್ಗೆ ಚಹಾ ಕುಡಿಯುವಾಗ, "ಅಕ್ಕಾ, ರಾತ್ರಿ ನನ್ನ ಸಲುವಾಗಿ ನಿನಗ ಎಚ್ಚರ ಆಗತೈತಲ್ಲಾ. ಚಿಲಕಕ್ಕ ಜರಾ ಎಣ್ಣಿ ಬಿಡ್ತೀನಿ ತಗೋ," ಎಂದು ಎದ್ದೆ.

"ಏ, ಬ್ಯಾಡ. ಕುಂದ್ರು," ಎಂದಳು ಅಕ್ಕ. ಬಸಿಯಲ್ಲಿದ್ದ ಚಹಾ ಊದಿ ಕುಡಿದು ಕೆಳಗಿಟ್ಟಳು. "ಎಚ್ಚರ ಆಗತೈತಿ. ಆದ್ರ ಅದು ಕಿರ್ರ್ ಅಂತಲ್ಲ, ಆವಾಗ ನನ್ನ ತಮ್ಮ ನನ್ನ ಮನ್ಯಾಗ ಮಲಗ್ಯಾನ ಅಂತ ಗೊತ್ತಾಗತೈತಿ. ಮತ್ತ ಮಗ್ಗಲಾಗಿ ನಿದ್ದಿ ಮಾಡ್ತೀನಿ."

ಅವತ್ತು ಸಂಜೆಯೇ ಅವಳನ್ನು ಕರೆದುಕೊಂಡು ಹೊರಡುವುದಿತ್ತು. ಸುವರ್ಣಳಿಗೆ ಫೋನು ಮಾಡಿ, ನಾಳೆ ಬರುತ್ತೇವೆ, ಈ ರಾತ್ರಿಯೂ ನಾನು ಇಲ್ಲೇ ಇರುತ್ತೇನೆ ಎಂದೆ.